ಮಾವ ಬಿಗಿದ ನಟ್ಟು

ಕುರುಗೋಡಿನ ಮೇಡಂ ನನ್ನ ರೆಗ್ಯುಲೇಟರನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಸಣ್ಣ ಪಾನಾ ಹಾಕಿ ಒಂದು ಪೈಪಿನ ತುದಿ ಬಿಚ್ಚಲು ಹೋದರು. ಅದು ಜಗ್ಗಲಿಲ್ಲ. ಉದ್ದ ಹಿಡಿಕೆಯ ಪಾನಾ ತೆಗೆದುಕೊಂಡರು. ಅದಕ್ಕೂ ಜಗ್ಗಲಿಲ್ಲ. ಕನ್ನಡಕ ಏರಿಸಿಕೊಂಡು, ಆ ತುದಿಯ ಹಿತ್ತಾಳೆಯ ಮೇಲೆ ಮೂಡಿದ್ದ ಗೀರುಗಳನ್ನು ಬೆರಳಿನಿಂದ ಸವರಿ ಮೆಲ್ಲಗೆ ಕೇಳಿದರು.

"ಇದನ್ನು ಯಾರು ಬಿಗಿ ಮಾಡಿದ್ದು ಮಾರಾಯ್ರೆ?"

ಯಾರು ಅಂತ ಆ ಗೀರು ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು. ಸಿರುಗುಪ್ಪದ ನನ್ನ ಮಾವನ ಮನೆಯಲ್ಲಿ ಅಂಥ ಗೀರಿಲ್ಲದ ನಟ್ಟು ಒಂದೂ ಇಲ್ಲ. ಆದರೂ ಬಾಯಿಗೆ ಬಂದ ಮಾತು ಬೇರೆ. ಕೆಲಸದ ಜಾಗದಲ್ಲಿ ಯಾರೋ ಮಾಡಿರಬೇಕು ಅಂದುಬಿಟ್ಟೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, "ಬಿಟ್ಟು ಹೋಗಿ, ನೋಡುವ" ಅಂದು ಅದನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟರು.

ನನ್ನ ಕೆಲಸ ನೀರಿನೊಳಗೆ. ಬಳ್ಳಾರಿಯಲ್ಲಿ ಹಾಗಂದರೆ ಜನ ನಂಬುವುದಿಲ್ಲ. ಬೇಸಿಗೆಯಲ್ಲಿ ನಲ್ಲಿ ಬರುವ ದಿನಕ್ಕೆ ಕಾದು ಕೂರುವ ಊರಿನಲ್ಲಿ ಮನುಷ್ಯ ಮುಳುಗುವಷ್ಟು ನೀರು ಎಲ್ಲಿಂದ ಬಂತು ಅನ್ನುವುದು ಅವರ ಅನುಮಾನ. ಆದರೆ ಸಿರುಗುಪ್ಪದ ಕಡೆ ತುಂಗಭದ್ರೆಯ ದಂಡೆಗುಂಟ ನೀರೆತ್ತುವ ಪಂಪ್‌ಹೌಸುಗಳಿವೆ. ಅವುಗಳ ದಪ್ಪ ಪೈಪು ಹೊಳೆಯ ತಳಕ್ಕೆ ಇಳಿದಿರುತ್ತದೆ. ಪೈಪಿನ ಬಾಯಿಗೆ ಕಬ್ಬಿಣದ ಜಾಲರಿ. ಆ ಜಾಲರಿಗೆ ಹೂಳು, ಅಂತರಗಂಗೆಯ ಬೇರು, ಹರಿದ ಸೀರೆ, ಗೊಬ್ಬರದ ಚೀಲ ಎಲ್ಲ ಬಂದು ಮೆತ್ತಿಕೊಳ್ಳುತ್ತವೆ. ನಾಟಿಯ ಹೊತ್ತಿಗೆ ನೀರು ಏರದೆ ಹೋದರೆ ನನಗೆ ಫೋನ್ ಬರುತ್ತದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದು, ಕತ್ತಲಂಥ ಕೆಂಪು ನೀರಿನಲ್ಲಿ ಕೈಯಾಡಿಸುತ್ತ ಅದನ್ನೆಲ್ಲ ಕಿತ್ತು ಬರುತ್ತೇನೆ. ಒಮ್ಮೆ ಮೋಕದ ರೈತರೊಬ್ಬರ ಬಾವಿಯಲ್ಲಿ ಕಳಚಿ ಬಿದ್ದಿದ್ದ ಮೋಟರಿಗೆ ಸರಪಳಿ ಕಟ್ಟಿ ಕೊಡಲೂ ಇಳಿದಿದ್ದೆ. ಕಲಿತದ್ದು ಕರಾವಳಿಯಲ್ಲಿ. ಹರೆಯದಲ್ಲಿ ಅಲ್ಲಿನ ಬಂದರಿನಲ್ಲಿ ಹಡಗಿನ ಹೊಟ್ಟೆಗೆ ಅಂಟಿದ ಚಿಪ್ಪು ಕೆರೆಯುವ ಕೆಲಸ ಮಾಡಿದೆ, ಆಮೇಲೆ ಸಾಮಾನು ಸಮೇತ ಊರಿಗೆ ಬಂದೆ.

ಆ ಸಾಮಾನಿನಲ್ಲಿ ಜೀವ ಇರುವುದು ರೆಗ್ಯುಲೇಟರಿನಲ್ಲಿ. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ ನೇರ ಬಾಯಿಗೆ ಬಂದರೆ ಮನುಷ್ಯ ತಡೆದುಕೊಳ್ಳಲಾರ. ಅದನ್ನು ಉಸಿರಾಡುವ ಹದಕ್ಕೆ ಇಳಿಸಿ ಕೊಡುವುದು ಇದು. ಸಿಲಿಂಡರಿನ ಮೂತಿಗೆ ಕೂರುವ ಒಂದು ಹಿತ್ತಾಳೆಯ ಗಟ್ಟಿ, ಅದರಿಂದ ಹೊರಡುವ ನಾಲ್ಕು ರಬ್ಬರ್ ಪೈಪು, ಒಂದರ ತುದಿಗೆ ಬಾಯಲ್ಲಿ ಕಚ್ಚಿಕೊಳ್ಳುವ ಭಾಗ. ವರ್ಷಕ್ಕೊಮ್ಮೆ ಇದನ್ನು ಪೂರ್ತಿ ಬಿಚ್ಚಿ, ತೊಳೆದು, ಒಳಗಿನ ರಬ್ಬರಿನ ಉಂಗುರಗಳನ್ನೆಲ್ಲ ಬದಲಿಸಬೇಕು. ಅದಕ್ಕೆ ಮೊದಲು ಕರಾವಳಿಗೆ ಪಾರ್ಸೆಲ್ ಕಳಿಸುತ್ತಿದ್ದೆ. ಒಂದು ಸಲ ಅಲ್ಲಿಯ ಅಂಗಡಿಯವರು, ಮಳೆಗಾಲದಲ್ಲಿ ಸಮುದ್ರ ಬಂದಾದಾಗ ನಮ್ಮ ಸಾಮಾನೂ ಕುರುಗೋಡಿಗೇ ರಿಪೇರಿಗೆ ಹೋಗುತ್ತದಲ್ಲ, ನೀವು ಯಾಕೆ ಇಲ್ಲಿಗೆ ಕಳಿಸುತ್ತೀರಿ ಅಂದರು. ನಾನು ತಮಾಷೆ ಅಂದುಕೊಂಡೆ. ವಿಳಾಸ ಹಿಡಿದು ಹೋದರೆ ನಿಜ. ಗುಡ್ಡದ ಮಗ್ಗುಲಿನ ಒಂದು ಮನೆಯ ಮುಂದಿನ ಕೋಣೆಯಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ, ಸಮುದ್ರದ ಕಡೆಯ ಕನ್ನಡ ಆಡುವ ಈ ಹೆಣ್ಣುಮಗಳು ಕೂತಿದ್ದರು. ಮೊದಲು ಪ್ರವಾಸಿಗಳನ್ನು ಸಮುದ್ರದ ತಳಕ್ಕೆ ಕರೆದೊಯ್ದು ಮೀನು ತೋರಿಸುತ್ತಿದ್ದರಂತೆ. ಅಲ್ಲಿಗೆ ಕಲ್ಲು ಕೂರಿಸುವ ಕೆಲಸಕ್ಕೆ ಬಂದ ಕುರುಗೋಡಿನವರೊಬ್ಬರನ್ನು ಮದುವೆಯಾಗಿ ಈ ಬಿಸಿಲಿಗೆ ಬಂದರು. ಸಾಮಾನು ಬಿಚ್ಚಿ ಕೂರಿಸುವ ವಿದ್ಯೆ ಜೊತೆಗೇ ಬಂತು.

ಈಗ ಮಾವನ ವಿಷಯ. ಮಾವ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಆಳು ಎತ್ತರವಲ್ಲ, ಆದರೆ ಅಂಗೈ ಮಾತ್ರ ಮೊರದಂಗೆ. ಅವರಿಗೆ ಸಡಿಲ ಅನ್ನುವುದು ಕಣ್ಣಿಗೆ ಬಿದ್ದರೆ ಆಗುವುದಿಲ್ಲ. ಅವರ ಮನೆಯ ನಲ್ಲಿ ತಿರುಗಿಸಲು ಎರಡೂ ಕೈ ಬೇಕು. ಕುಕ್ಕರಿನ ಹಿಡಿಕೆ, ಬಾಗಿಲ ಚಿಲಕ, ಉಪ್ಪಿನಕಾಯಿ ಡಬ್ಬಿ, ಯಾವುದೂ ಬೇರೆಯವರ ಕೈಗೆ ಬಗ್ಗುವುದಿಲ್ಲ. ಅಪ್ಪನ ಮನಿಯಾಗ ನೀರು ಕುಡೀಬೇಕಂದ್ರ ಮೊದಲು ಹೊಟ್ಟಿ ತುಂಬ ಉಂಡಿರಬೇಕು ಅಂತ ನನ್ನ ಹೆಂಡತಿ ನಗುತ್ತಾಳೆ. ಒಮ್ಮೆ ನನ್ನ ಬೈಕಿನ ಕನ್ನಡಿ ಅಲುಗಾಡುತ್ತದೆ ಅಂತ ಬಿಗಿದು ಕೊಟ್ಟರು. ಅಂದಿನಿಂದ ಆ ಕನ್ನಡಿಯಲ್ಲಿ ನನ್ನ ಮೊಣಕೈ ಬಿಟ್ಟು ಬೇರೇನೂ ಕಂಡಿಲ್ಲ. ತಿರುಗಿಸಲು ಹೋಗಿ ನಾನೂ ಸೋತೆ, ಬಳ್ಳಾರಿಯ ಗ್ಯಾರೇಜಿನವರೂ ಸೋತರು.

ಸಿರುಗುಪ್ಪದ ಹತ್ತಿರ ಎಲ್ಲಿ ನಾನು ನೀರಿಗಿಳಿದರೂ ಮಾವ ದಂಡೆಗೆ ಬಂದು ನಿಲ್ಲುತ್ತಿದ್ದರು. ಅವರಿಗೆ ಈಜು ಬರುವುದಿಲ್ಲ. ಹೊಳೆಯ ಊರಿನಲ್ಲೇ ಹುಟ್ಟಿ ಬೆಳೆದರೂ ನೀರಿಗೆ ಮೊಣಕಾಲಿಗಿಂತ ಮೇಲೆ ಇಳಿದವರಲ್ಲ. ನಾನು ಸಾಮಾನು ಜೋಡಿಸಿಕೊಳ್ಳುವಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು. ರೆಗ್ಯುಲೇಟರನ್ನು ಸಿಲಿಂಡರಿಗೆ ಕೂರಿಸುವ ತಿರುಪನ್ನು ಎರಡು ಬೆರಳಲ್ಲಿ ತಿರುಗಿಸಿದರೆ ಸಾಕು, ಗಾಳಿಯ ಒತ್ತಡವೇ ಅದನ್ನು ಹಿಡಿದುಕೊಳ್ಳುತ್ತದೆ. ನಾನು ಹಾಗೆ ಮಾಡಿ ಆಚೆ ತಿರುಗಿದೊಡನೆ ಮಾವ ಅದಕ್ಕೆ ಇನ್ನೊಂದು ಸುತ್ತು ಕೊಡುತ್ತಿದ್ದರು. ನನಗೆ ಗೊತ್ತಾಗುತ್ತಿತ್ತು, ಸುಮ್ಮನಿರುತ್ತಿದ್ದೆ. ಮೇಲೆ ಬಂದ ಮೇಲೆ ಅದನ್ನು ಬಿಚ್ಚಲು ಬಟ್ಟೆ ಸುತ್ತಿ ಹೆಣಗುವುದು ನನಗೆ ರೂಢಿಯಾಗಿ ಹೋಗಿತ್ತು.

ಹಿಂದಿನ ಬೇಸಿಗೆಯಲ್ಲಿ ಒಂದು ಪೈಪಿನ ಬುಡದಿಂದ ಸಣ್ಣಗೆ ಗುಳ್ಳೆ ಏಳುತ್ತಿತ್ತು. ಉಂಗುರ ಸವೆದಿದೆ, ಬದಲಿಸಬೇಕು ಅಂತ ಊಟಕ್ಕೆ ಕೂತಾಗ ಹೇಳಿದ್ದೆ. ಮಾರನೆಯ ದಿನ ಸಾಮಾನನ್ನು ಅವರ ಮನೆಯಲ್ಲೇ ಬಿಟ್ಟು, ಕರೂರಿನ ಕಡೆ ಇನ್ನೊಂದು ಪಂಪು ನೋಡಿ ಬರಲು ಹೋದೆ. ತಿರುಗಿ ಬಂದು ಬಕೆಟ್ಟಿನಲ್ಲಿ ಅದ್ದಿ ನೋಡಿದರೆ ಗುಳ್ಳೆ ನಿಂತಿತ್ತು. ಸ್ವಲ್ಪ ಕೈ ಹಚ್ಚಿದೆ ಅಂದರು ಮಾವ. ಬಹಳ ಸಂತೋಷದಲ್ಲಿದ್ದರು. ಅತ್ತೆ ಮಾಡಿದ ಮಂಡಾಳ ಒಗ್ಗರಣೆಗೆ ಅವರೇ ಓಡಿಹೋಗಿ ಮಿರ್ಚಿ ಕಟ್ಟಿಸಿಕೊಂಡು ಬಂದರು.

ಕುರುಗೋಡಿನಿಂದ ಫೋನ್ ಬಂದದ್ದು ಸಾಮಾನು ಕೊಟ್ಟು ಕೆಲವು ದಿನವಾದ ಮೇಲೆ. ಎರಡು ಪೈಪು ಬಿಚ್ಚಿಕೊಂಡವು, ಒಂದು ಸ್ವಲ್ಪ ಹಟ ಮಾಡಿ ಬಂತು, ನಾಲ್ಕನೆಯದು ಬರುತ್ತಿಲ್ಲ, ಸಿಲಿಂಡರಿನ ಕಡೆಯ ದೊಡ್ಡ ನಟ್ಟಂತೂ ಕಲ್ಲಾಗಿದೆ ಅಂದರು. ಆ ನಟ್ಟನ್ನು ರಿಪೇರಿಯವರು ಬಿಟ್ಟು ಯಾರೂ ಮುಟ್ಟುವ ಹಾಗಿಲ್ಲ. ಅದಕ್ಕೂ ಮಾವನ ಕೈ ಹೋಗಿದೆ ಅಂತ ನನಗೆ ಆಗಲೇ ತಿಳಿದದ್ದು.

"ಬಲ ಹಾಕಿದರೆ ಹಿತ್ತಾಳೆ ಸೀಳ್ತದೆ," ಅಂದರು ಮೇಡಂ. "ತಿರುಪಿನ ಥ್ರೆಡ್ಡಿಗೆ ಎಂತದೋ ಹಚ್ಚಿದ ಹಾಗೆ ಉಂಟು, ಬಿಳಿ ಬಿಳಿ. ಹಚ್ಚಿದ್ದು ಎಂತ, ಬಿಗಿದದ್ದು ಯಾವುದರಲ್ಲಿ, ಗೊತ್ತಾದರೆ ಉಳಿಸ್ಲಿಕ್ಕೆ ನೋಡಬಹುದು. ಯಾರು ಮಾಡಿದ್ದು ಅಂತ ಕೇಳಿ ಹೇಳಿ."

ಕೇಳುವುದು ಹೇಗೆ? ಮಾವ ನನಗೆ ಒಂದು ದಿನವೂ ಒರಟು ಮಾತಾಡಿದವರಲ್ಲ. ನೀರಿನಲ್ಲಿ ಮುಳುಗುವ ಹುಡುಗನಿಗೆ ಮಗಳನ್ನು ಕೊಡಬೇಡಿ ಅಂತ ಬೀಗರು ಬಿಜ್ಜರು ಎಲ್ಲ ಹೇಳಿದಾಗಲೂ, ಕೆಲಸ ಮಾಡುವ ಕೈ ಐತಿ, ಅಷ್ಟು ಸಾಕು ಅಂದು ಒಪ್ಪಿಕೊಂಡವರು. ಅವರು ಮಾಡಿದ್ದು ಹಾಳಾಯಿತು ಅಂತ ನಾನು ಹೇಳಿದರೆ ಅವರ ಮುಖ ಹೇಗಾಗಬಹುದು ಅಂತ ನೆನೆಸಿಕೊಂಡು ಬಾಯಿ ಬರಲಿಲ್ಲ. ಹೆಂಡತಿಗೆ ಹೇಳಿದೆ. ಅವಳು ಮೊದಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಅಂದಳು.

"ನೀವು ಹೇಳಬ್ಯಾಡ್ರಿ. ನಾ ಹೇಳ್ತೀನಿ. ನಾ ಹೇಳಿದ್ರ ಅಪ್ಪಗ ನೋವಾದ್ರೂ ನನ್ನ ಮ್ಯಾಲ ಸಿಟ್ಟು ಮಾಡಿ ಮರೀತಾನ."

ಅಂಗಳಕ್ಕೆ ಹೋಗಿ ಫೋನ್ ಮಾಡಿದಳು. ಭತ್ತದ ಮಾತು, ಅತ್ತೆಯ ಮೊಣಕಾಲಿನ ಮಾತು, ಯಾರದೋ ಮದುವೆಯ ಮಾತು ಎಲ್ಲ ಆಗಿ, ಕೊನೆಗೆ ವಿಷಯಕ್ಕೆ ಬಂದಳು. ಆ ಕಡೆಯಿಂದ ಏನೂ ಕೇಳಿಸಲಿಲ್ಲವಂತೆ. ಲೈನ್ ಹೋಯಿತು ಅಂದುಕೊಂಡು ಅಪ್ಪಾ ಅಪ್ಪಾ ಅಂತ ಕರೆದಳು. ಆಗ ಮಾವ, ಕುರುಗೋಡಿನ ಬಸ್ಸು ಬಳ್ಳಾರಿಯಿಂದ ಎಷ್ಟೊತ್ತಿಗೆ ಐತಿ ಅಂತ ಮಾತ್ರ ಕೇಳಿದರಂತೆ.

ಮಾರನೆಯ ಬೆಳಿಗ್ಗೆ ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಇಳಿದಾಗ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಕೈಯಲ್ಲಿ ಗಿರಣಿಯ ಕಾಲದ ಕ್ಯಾನ್ವಾಸ್ ಚೀಲ. ಅದರಲ್ಲಿ ಪಾನಾಗಳು ಗಲ್ ಗಲ್ ಅನ್ನುತ್ತಿದ್ದವು. ಚಹಾ ಕುಡಿಯೋಣ ಅಂದರೆ ಬೇಡ ಅಂದರು. ಕುರುಗೋಡಿನ ತನಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತರು. ನಾನು ಆ ಮಾತು ಈ ಮಾತು ತೆಗೆದೆ. ಹೂಂ ಹೂಂ ಅನ್ನುತ್ತ ಚೀಲದ ಹುರಿ ಬಿಗಿ ಮಾಡುತ್ತಿದ್ದರು.

ಮಾವನನ್ನು ನೋಡಿದೊಡನೆ ಮೇಡಂ, ಬಿಗಿ ಮಾಡಿದವರು ಇವರೇ ಅಂತ ತಿಳಿದುಕೊಂಡಿರಬೇಕು. ನನ್ನ ಕಡೆ ನೋಡದೆ, ಕುರ್ಚಿ ಎಳೆದು ಕೂರಿಸಿ, ನೀರು ಬೆಲ್ಲ ತಂದಿಟ್ಟರು. ಮಾವ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದು ನೇರವಾಗಿ ಹೇಳಿದರು.

"ತಾಯೀ, ಅದನ್ನ ಬಿಗಿ ಮಾಡಿದಾವ ನಾನು. ಪೈಪಿಗೆ ಸಫೇದಾ ಹಚ್ಚೀನಿ. ನಟ್ಟಿಗೆ ಪಾನಾದ ಹಿಂದ ಕಬ್ಬಿಣದ ಉದ್ದ ಪೈಪು ಕೊಟ್ಟು ಎಳದೀನಿ."

ಸಫೇದಾ ಅಂದರೆ ಗಿರಣಿಗಳಲ್ಲಿ ನೀರು, ಹಬೆಯ ಪೈಪು ಜೋಡಿಸುವಾಗ ಹಚ್ಚುವ ಬಿಳಿಯ ಮುಲಾಮಿನಂಥದ್ದು. ಒಣಗಿದರೆ ಗಾರೆಯಂತೆ ಕಚ್ಚಿಕೊಳ್ಳುತ್ತದೆ. ಮೇಡಂ ತಲೆಯಾಡಿಸಿದರು. ಬೈಯಲಿಲ್ಲ. ಬಿಸಿ ನೀರಿಗೆ ಅದು ಮೆತ್ತಗಾಗುತ್ತದಾ ಅಂತ ಕೇಳಿದರು. ಕುದಿಯುವ ನೀರಿಗೆ ಸ್ವಲ್ಪ ಬಿಡುತ್ತದೆ, ಆದರೆ ಎಣ್ಣೆ ಹಾಕಿದರೆ ಲಗೂ ಬಿಡುತ್ತದೆ ಅಂತ ಮಾವ ಚೀಲದಿಂದ ಸೀಮೆಎಣ್ಣೆಯ ಬಾಟಲಿ ತೆಗೆದರು. ಮೇಡಂ ಅದರ ಮೇಲೆ ಕೈ ಇಟ್ಟು ತಡೆದರು.

"ಇದಕ್ಕೆ ಅದು ಬೇಡ ಯಜಮಾನ್ರೆ. ಇದು ಉಸಿರು ಹೋಗುವ ದಾರಿ. ಒಂದು ಹನಿ ಉಳಿದರೂ ಇವರ ಶ್ವಾಸಕ್ಕೆ ಹೋಗ್ತದೆ."

ಮಾವ ಬಾಟಲಿಯನ್ನು ಚೀಲದೊಳಗೆ ಇಡಲಿಲ್ಲ. ಎದ್ದು ಹೋಗಿ ಬಾಗಿಲ ಹೊರಗೆ, ಗೋಡೆಗೆ ಆನಿಸಿ ಇಟ್ಟು ಬಂದು, ಅಂಗಿಯ ಚುಂಗಿನಲ್ಲೇ ಕೈ ಒರೆಸಿಕೊಂಡರು.

ಹಿತ್ತಾಳೆಯ ಗಟ್ಟಿಯನ್ನು ಬಿಸಿ ನೀರಿನಲ್ಲಿ ಮುಳುಗಿಸಿ ಇಟ್ಟರು. ಕಾಯುತ್ತ ಕೂತಾಗ ಮೇಡಂ, ಗಿರಣಿಯಲ್ಲಿ ಎಲ್ಲವನ್ನೂ ಹೀಗೇ ಬಿಗಿ ಮಾಡುತ್ತಿದ್ದಿರಾ ಅಂತ ಕೇಳಿದರು. ಅಲ್ಲಿಯ ತನಕ ನಾನೂ ಕೇಳಿರದ ಒಂದು ಸಂಗತಿಯನ್ನು ಮಾವ ಹೇಳಿದರು. ಅವರು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ಭತ್ತ ಬೇಯಿಸುವ ಬಾಯ್ಲರಿನಿಂದ ಬರುವ ಹಬೆಯ ಪೈಪಿನ ಒಂದು ಜೋಡಣೆ ಸಡಿಲಾಗಿದ್ದನ್ನು ನೋಡಿದ್ದರು. ಚಹಾ ಕುಡಿದು ಬಂದು ಬಿಗಿ ಮಾಡೋಣ ಅಂತ ಹೊರಗೆ ಹೋದರು. ಅಷ್ಟರಲ್ಲಿ ಅದು ಕಳಚಿತು. ಅಲ್ಲಿ ನಿಂತಿದ್ದ ಜೊತೆಗಾರನ ಕುತ್ತಿಗೆಯಿಂದ ಸೊಂಟದ ತನಕ ಬೆಂದುಹೋಯಿತು. ಬದುಕಿಕೊಂಡ. ಆದರೆ ಬೇಸಿಗೆ ಬಂದರೆ ಅಂಗಿ ತೊಡಲಾಗದೆ ಒದ್ದೆ ಪಂಚೆ ಹೊದ್ದು ಕೂರುತ್ತಿದ್ದನಂತೆ. ಮಾವ ಇದನ್ನು ಹೇಳುವಾಗ ದನಿ ಏರಲಿಲ್ಲ, ಇಳಿಯಲಿಲ್ಲ. ಮೇಡಂ ಕೇಳಿಸಿಕೊಂಡು, ಎದ್ದು, ನೀರು ಇನ್ನಷ್ಟು ಬಿಸಿ ಮಾಡಿ ತಂದು ಸುರಿದರು.

ಪೈಪು ಮೊದಲು. ಗಟ್ಟಿಯನ್ನು ಚರ್ಮದ ತುಂಡು ಸುತ್ತಿ ಮೇಜಿನ ವೈಸಿನ ಇಕ್ಕಳಕ್ಕೆ ಕಚ್ಚಿಸಿದರು. ಮೇಡಂ ಬಿಚ್ಚುವ ಮೊದಲು ಪಾನಾವನ್ನು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ಒತ್ತಿ, ಆಮೇಲೆ ಈಚೆ ಎಳೆದರು. ಎರಡು ಮೂರು ಸಲ ಹಾಗೇ ಮಾಡಿದರು. ಒಳಗೆಲ್ಲೋ ಟಕ್ ಅಂದಿತು. ಮಾವನ ಮುಖ ಅರಳಿತು. ಪೈಪು ಬಿಳಿ ಪುಡಿ ಉದುರಿಸುತ್ತ ಸುತ್ತು ಸುತ್ತಾಗಿ ಹೊರಬಂತು.

ದೊಡ್ಡ ನಟ್ಟು ಹಾಗೆ ಬರಲಿಲ್ಲ. ಬಿಸಿ ಮಾಡಿದರು, ಕಾದರು, ಮತ್ತೆ ಬಿಸಿ ಮಾಡಿದರು. ಅದಕ್ಕೆಂದೇ ಇರುವ ಪಾನಾ ಹಾಕಿ ಮೇಡಂ ತಮ್ಮ ಭಾರವನ್ನೆಲ್ಲ ಬಿಟ್ಟರು. ಮಾವ ಗಟ್ಟಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದರು. ತಮ್ಮ ಚೀಲದ ಕಡೆ ಅವರ ಕಣ್ಣು ಹೋಯಿತು, ಉದ್ದ ಪೈಪು ಅಲ್ಲಿತ್ತು, ಆದರೆ ಕೇಳಲಿಲ್ಲ. ಕೊನೆಗೆ ನಟ್ಟು ಕಿರ್ರ್ ಅಂತ ತಿರುಗಿತು. ನಾನು ಉಸಿರು ಬಿಟ್ಟೆ. ಮೇಡಂ ಮಾತ್ರ ಬಿಡಲಿಲ್ಲ. ಗಟ್ಟಿಯನ್ನು ತೊಳೆದು, ಒರೆಸಿ, ದೀಪದ ಕೆಳಗೆ ಹಿಡಿದು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಿಯನ್ನು ಮಾವನ ಕೈಗೇ ಕೊಟ್ಟರು. ಥ್ರೆಡ್ಡಿನ ಬುಡದಲ್ಲಿ ಕೂದಲಿನಂಥ ಒಂದು ಬಿರುಕು.

"ಇದು ಈಗ ಆದದ್ದೋ, ಮೊದಲೇ ಇತ್ತೋ?" ಅಂತ ನಾನು ಕೇಳಿದೆ. ಈಗ ಆದದ್ದು ಅನ್ನಲಿ ಅಂತ ನನ್ನ ಆಸೆ.

ಮೇಡಂ ಸುಳ್ಳು ಹೇಳುವವರಲ್ಲ. ಬಿರುಕಿನ ಒಳಗೆ ಕಪ್ಪಾಗಿದೆ, ಹಾಗಾಗಿ ಹಳೆಯದು, ಬಿಗಿ ಹೆಚ್ಚಾಗಿ ಹಿತ್ತಾಳೆ ಆಗಲೇ ಬಿಟ್ಟಿದೆ ಅಂದರು. ಇದನ್ನು ಇನ್ನು ಬಳಸುವಂತಿಲ್ಲ ಅಂತಲೂ ಅಂದರು.

"ನೀರಾಗ ಇದ್ದಾಗ ಇದು ಒಡದಿದ್ರ?" ಮಾವ ಕೇಳಿದರು.

"ಗಾಳಿ ಎಲ್ಲ ಒಮ್ಮೆಗೇ ಹೊರಗೆ ಹೋಗ್ತಿತ್ತು. ಹೊಳೆ ಆಳ ಇಲ್ಲ, ಇವರಿಗೆ ಅಭ್ಯಾಸ ಉಂಟು, ಮೇಲೆ ಬರ್ತಿದ್ರು. ಆದರೆ ಬರುವ ತನಕ ಕಷ್ಟ."

ಮಾವ ಭೂತಗನ್ನಡಿಯನ್ನು ಮೇಜಿನ ಮೇಲೆ ಮೆಲ್ಲಗಿಟ್ಟು ಹೊರಗೆ ಹೋದರು. ನಾನು ಸ್ವಲ್ಪ ತಡೆದು ಹಿಂದೆ ಹೋದೆ. ಹಿತ್ತಲಿನಲ್ಲಿ ಕಲ್ಲಿನ ತೊಟ್ಟಿಯ ಅಂಚಿಗೆ ಕೂತಿದ್ದರು. ಬಿಸಿಲಿಗೆ ಗುಡ್ಡದ ಬಂಡೆಗಳು ಕಣ್ಣು ಕುಕ್ಕುತ್ತಿದ್ದವು. ಪಕ್ಕದಲ್ಲಿ ಕೂತು, ಹೋಗಲಿ ಬಿಡ್ರಿ ಮಾವ, ಏನೂ ಆಗಲಿಲ್ಲವಲ್ಲ ಅಂದೆ. ಅವರು ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು.

"ನೀವು ಒಳಗ ಹೋದ ಮ್ಯಾಲ ದಂಡಿ ಮ್ಯಾಲ ನಾ ಏನ್ ಮಾಡ್ಲಿ ಅಳಿಯಂದ್ರ? ಗುಳ್ಳಿ ನೋಡ್ಕೋತ ಕುಂದರಬೇಕು. ನೀವು ಇಳಿಯೂಕಿಂತ ಮೊದಲ ಏನರ ಮಾಡಿದ್ರ ಮಾಡ್ದಂಗ. ಅದಕ್ಕ ಬಿಗೀತಿದ್ದೆ. ಬಿಗಿದಷ್ಟೂ ನನಗ ಸಮಾಧಾನ ಆಗ್ತಿತ್ತು."

ಗಂಡುಮಕ್ಕಳಿಲ್ಲದ ಮನೆಗೆ ಅಳಿಯನಾಗಿ ಬಂದವನು ನಾನು. ನನ್ನ ಅಪ್ಪ ನಾನು ಚಿಕ್ಕವನಿದ್ದಾಗಲೇ ಹೋದವರು. ಅಷ್ಟು ವರ್ಷ ದಂಡೆಯ ಮೇಲೆ ಒಬ್ಬರು ನನಗಾಗಿ ಹೀಗೆ ಕೂತಿರುತ್ತಿದ್ದರು ಅನ್ನುವುದನ್ನು ನಾನು ಅದುವರೆಗೆ ಇಷ್ಟು ಸರಿಯಾಗಿ ನೋಡಿರಲಿಲ್ಲ. ಅವರ ಭುಜ ಮುಟ್ಟಬೇಕು ಅನ್ನಿಸಿತು. ನಮ್ಮಲ್ಲಿ ಮಾವ ಅಳಿಯ ಹಾಗೆಲ್ಲ ಮುಟ್ಟಿಕೊಳ್ಳುವುದಿಲ್ಲ. ಸುಮ್ಮನೆ ಇನ್ನಷ್ಟು ಹತ್ತಿರ ಸರಿದು ಕೂತೆ.

ಮೇಡಂ ಹಿತ್ತಲಿಗೆ ಬಂದಾಗ ಅವರ ಕೈಯಲ್ಲಿ ಇನ್ನೊಂದು ರೆಗ್ಯುಲೇಟರಿತ್ತು, ಸ್ವಲ್ಪ ಮಾಸಿದ್ದು. ಸಮುದ್ರದಲ್ಲಿ ಕೆಲಸ ಮಾಡುವಾಗ ಅವರು ಸ್ವಂತಕ್ಕೆ ಬಳಸಿದ್ದು. ಈ ಊರಿನಲ್ಲಿ ನನಗೆ ಇದರಿಂದ ಏನು, ನೀವು ಇಟ್ಟುಕೊಳ್ಳಿ ಅಂದರು. ನಾನು ಬೇಡ ಅಂದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾವನ ಎದುರು ಒಂದು ಕಲ್ಲಿನ ಮೇಲೆ ಕೂತು, ಪೈಪಿನ ತುದಿಯಿಂದ ಕಪ್ಪು ರಬ್ಬರಿನ ಒಂದು ಉಂಗುರ ತೆಗೆದು ಅವರ ಅಂಗೈಗೆ ಹಾಕಿದರು. ಹಬೆಯ ಪೈಪಿನಲ್ಲಿ ಥ್ರೆಡ್ಡೇ ಹಬೆ ತಡೆಯಬೇಕು, ಇಲ್ಲಿ ಗಾಳಿ ತಡೆಯುವುದು ಈ ಉಂಗುರ, ನಟ್ಟಿನ ಕೆಲಸ ಉಂಗುರವನ್ನು ಅದರ ಜಾಗದಲ್ಲಿ ಇರಿಸುವುದಷ್ಟೇ ಅಂತ ತಿಳಿಸಿ ಹೇಳಿದರು. ಮಾವ ಉಂಗುರವನ್ನು ಹಿಚುಕಿ, ಎಳೆದು, ಬಿಟ್ಟು ನೋಡಿದರು.

"ಇಷ್ಟು ಮೆತ್ತಂದು?"

"ಮೆತ್ತಗಿದ್ದರೇ ಹಿಡಿಯುವುದು. ಒತ್ತಿದರೆ ಸಾಯ್ತದೆ."

ಮಾವನ ಕೈಯಿಂದಲೇ ಪೈಪು ಕೂರಿಸಿದರು. ಬೆರಳಲ್ಲಿ ತಿರುಗಿಸಿ, ನಿಂತ ಮೇಲೆ ಸಣ್ಣ ಪಾನಾದಿಂದ ಒಂದು ಚೂರು. ಮಾವ ನಿಲ್ಲಿಸಿದರು. ಇನ್ನೂ ಸ್ವಲ್ಪ ಅನ್ನುವ ಹಾಗೆ ಕೈ ಹೋಗುತ್ತಿತ್ತು, ಅವರೇ ಹಿಂದೆಗೆದುಕೊಂಡರು. ಪರೀಕ್ಷೆಗೆ ಇಟ್ಟಿದ್ದ ಸಿಲಿಂಡರಿಗೆ ಜೋಡಿಸಿ ತೊಟ್ಟಿಯ ನೀರಿನಲ್ಲಿ ಮುಳುಗಿಸಿದರು. ಮಾವ ಬಗ್ಗಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಇನ್ನೂ ಬಗ್ಗಿ ನೋಡುತ್ತಲೇ ಇದ್ದರು.

ಒಮ್ಮೆ ಇದರಲ್ಲಿ ಉಸಿರಾಡಿ ನೋಡುತ್ತೀರಾ ಅಂತ ಕೇಳಿದವರು ಮೇಡಂ. ಮಾವ ನಗುತ್ತಾರೆ ಅಂದುಕೊಂಡೆ. ಅವರು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು, ಬಿಳಿ ಅಂಗಿ ಕಳಚಿ ತಂತಿಯ ಮೇಲೆ ಹಾಕಿದರು. ಗೋಣಿಚೀಲ ಹಾಸಿ ತೊಟ್ಟಿಯ ಪಕ್ಕ ಮೊಣಕಾಲೂರಿದರು. ಬಾಯಿಂದ ಒಳಗೆಳೆಯಿರಿ, ಬಾಯಿಂದಲೇ ಬಿಡಿ, ಉಸಿರು ಕಟ್ಟಬೇಡಿ ಅಂತ ಮೇಡಂ ಹೇಳಿಕೊಟ್ಟರು. ಮೊದಲ ಸಲ ಮೂಗಿಗೆ ನೀರು ಹೋಗಿ ಕೆಮ್ಮುತ್ತ ಎದ್ದರು. ಸಾಕು ಮಾವ ಅಂದೆ. ಕೈ ಅಡ್ಡ ಮಾಡಿದರು. ಮೇಡಂ ತಂದ ಮುಖಗವಸಿನ ಕನ್ನಡಿಯನ್ನು ಮೂಗು ಮುಚ್ಚುವಂತೆ ಹಾಕಿಸಿ, ಮತ್ತೆ ಮುಳುಗಿಸಿದೆವು.

ಈ ಸಲ ಗುಳ್ಳೆಗಳು ಬಂದವು. ಮೊದಲು ದಡಬಡ ಬಂದವು, ಆಮೇಲೆ ನಿಧಾನವಾಗಿ ಒಂದರ ಹಿಂದೊಂದು. ತೊಟ್ಟಿಯ ಅಂಚು ಹಿಡಿದಿದ್ದ ಅವರ ಬೆರಳುಗಳು ಬಿಳುಚಿಕೊಂಡಿದ್ದವು. ನೋಡುತ್ತ ನೋಡುತ್ತ ಅವು ಸಡಿಲಾದವು. ನಾನು ಗುಳ್ಳೆಯನ್ನೇ ನೋಡುತ್ತ ನಿಂತಿದ್ದೆ. ಸಾಕಾಯಿತು, ಇನ್ನು ಏಳಲಿ ಅನ್ನಿಸಿತು. ಅವರು ಏಳಲಿಲ್ಲ. ಮೊಣಕಾಲು ನೀರಿನ ತೊಟ್ಟಿ ಅಂತ ಗೊತ್ತಿದ್ದರೂ ತಡೆಯಲಾರದೆ ಅವರ ಬೆನ್ನು ತಟ್ಟಿದೆ.

ಎದ್ದು, ಮೀಸೆಯಿಂದ ನೀರು ಸುರಿಸುತ್ತ ಕೂತರು.

"ಒಳಗ ನನ್ನ ಉಸಿರು ನನಗ ಕೇಳಿಸ್ತು," ಅಂದರು. "ಇಷ್ಟು ವಯಸ್ಸಾತು, ಒಂದಿನಾನೂ ಕೇಳಿರ್ಲಿಲ್ಲ."

ಹೊರಡುವಾಗ ಮೇಡಂ ನನ್ನನ್ನು, ಹೊಳೆಯಲ್ಲಿ ಇಳಿದಾಗ ನಿಮ್ಮ ಸೊಂಟದ ಹಗ್ಗ ಯಾರು ಹಿಡಿಯುತ್ತಾರೆ ಅಂತ ಕೇಳಿದರು. ಪಂಪ್‌ಹೌಸಿನ ಕೆಲಸದವರಲ್ಲಿ ಯಾರು ಸಿಗುತ್ತಾರೋ ಅವರು ಅಂದೆ. ಬೀಡಿ ಹಚ್ಚಲು ಹಗ್ಗವನ್ನು ಗೂಟಕ್ಕೆ ಕಟ್ಟಿ ಹೋದವರೂ ಇದ್ದಾರೆ. ಮೇಡಂ ಮಾವನ ಕಡೆ ತಿರುಗಿದರು.

"ನೀವೇ ಹಿಡೀರಿ ಯಜಮಾನ್ರೆ. ಒಂದು ಸಲ ಜಗ್ಗಿದರೆ ಆರಾಮಾ ಅಂತ ಕೇಳಿದ ಹಾಗೆ. ಇವರು ಒಂದು ಸಲ ತಿರುಗಿ ಜಗ್ಗಿದರೆ ಆರಾಮು ಅಂತ. ಬಿಗಿ ಹಿಡಿದರೆ ಇವರಿಗೆ ನಡೀಲಿಕ್ಕೆ ಆಗುವುದಿಲ್ಲ, ಬಿಟ್ಟರೆ ಕಲ್ಲಿಗೆ ಸಿಕ್ಕಿಕೊಳ್ತದೆ. ನಡೆದಷ್ಟು ಬಿಡುತ್ತಾ ಇರಬೇಕು."

ಮಾವ ಎರಡು ಸಲ ಹೇಳಿಸಿಕೊಂಡರು.

ಅದಾದ ಮೇಲೆ ಸಿರುಗುಪ್ಪದ ಹತ್ತಿರದ ಪಂಪ್‌ಹೌಸಿನಿಂದ ಕರೆ ಬಂತು. ಹೊಳೆ ಇಳಿದಿತ್ತು, ಜಾಲರಿಗೆ ಗೊಬ್ಬರದ ಚೀಲ ಸಿಕ್ಕಿತ್ತು. ಮಾವ ಬೆಳಿಗ್ಗೆಯೇ ಬಂದು ದಂಡೆಯ ಒಂದು ಗಟ್ಟಿ ಜಾಗ ನೋಡಿ, ಚಪ್ಪಲಿ ಬಿಟ್ಟು, ಹಗ್ಗ ಹಿಡಿದು ನಿಂತರು. ನಾನು ಜೋಡಿಸಿಕೊಳ್ಳುವಾಗ ದೂರದಿಂದಲೇ ನೋಡಿದರು. ಇಳಿದು ಇನ್ನೂ ತಳ ಮುಟ್ಟಿರಲಿಲ್ಲ, ಸೊಂಟದಲ್ಲಿ ಒಂದು ಜಗ್ಗು. ಆರಾಮು ಅಂತ ಜಗ್ಗಿದೆ. ನಾಲ್ಕು ಹೆಜ್ಜೆ ಇಟ್ಟೆ, ಮತ್ತೊಂದು ಜಗ್ಗು. ಚೀಲಕ್ಕೆ ಕತ್ತಿ ಹಾಕಿದೆ, ಇನ್ನೊಂದು. ಕೆಲಸ ಅರ್ಧ, ಉತ್ತರ ಕೊಡುವುದು ಅರ್ಧ. ಬೇರೆ ಯಾರಾದರೂ ಆಗಿದ್ದರೆ ಮೇಲೆ ಬಂದು ಜಗಳ ಮಾಡುತ್ತಿದ್ದೆ. ಆ ಕೆಂಪು ಕತ್ತಲೆಯಲ್ಲಿ, ಕೈ ಕಾಣದ ಕಡೆ, ಪ್ರತಿ ಸಲವೂ ತಿರುಗಿ ಜಗ್ಗುತ್ತಲೇ ಇದ್ದೆ.

ಮೇಲೆ ಬಂದು ಜಾಲಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಕಾಳು ಪಲ್ಲೆ, ಶೇಂಗಾ ಚಟ್ನಿ. ಮಾವ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಕೇಳಿದರು.

"ಕೆಳಗ ಏನೇನ್ ಐತ್ರಿ?"

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು. ಹೇಳಿದೆ. ತಳದ ಮಣ್ಣು ರವೆಯ ಉಂಡೆಯ ಹಾಗೆ ಕಾಲಿಗೆ ಒಡೆಯುವುದು. ಪಂಪು ನಿಂತಾಗ ನೀರು ಸದ್ದಿಲ್ಲದೆ ಹೇಗಿರುತ್ತದೆ ಅನ್ನುವುದು. ಕಲ್ಲಿನ ಸಂದಿಯಲ್ಲಿ ಬಸವನಹುಳುಗಳು ಗೊಂಚಲಾಗಿ ಕೂತಿರುವುದು. ಜಾಲರಿ ತಡವುವಾಗ ಮೀಸೆಯ ಮೀನೊಂದು ಬಂದು ಮಣಿಕಟ್ಟಿಗೆ ಮೂತಿ ತಿಕ್ಕಿ ಹೋದದ್ದು. ಮಾವ ನಡುನಡುವೆ ನಿಲ್ಲಿಸಿ ಕೇಳಿದರು, ಎಷ್ಟು ದೊಡ್ಡದು, ಬಣ್ಣ ಕಾಣಿಸುತ್ತದಾ, ಹೆದರಿಕೆ ಆಗುವುದಿಲ್ಲವಾ. ಪಲ್ಲೆ ಆರಿಹೋಯಿತು.

ಸಂಜೆ ನಾನು ಅವರ ಮನೆಯ ಅಂಗಳದಲ್ಲಿ ಸಾಮಾನು ತೊಳೆದು ಒಣಹಾಕುತ್ತಿದ್ದೆ. ಒಳಗೆ ಮಾವ ಬಳ್ಳಾರಿಗೆ ಫೋನ್ ಹಚ್ಚಿ ಮಗಳ ಜೊತೆ ಮಾತಾಡುತ್ತಿದ್ದರು. ಬಸವನಹುಳು, ರವೆಯಂಥ ಮಣ್ಣು, ಮೀಸೆ ಮೀನು ಎಲ್ಲವನ್ನೂ ಕಣ್ಣಾರೆ ಕಂಡು ಬಂದವರ ಹಾಗೆ ಹೇಳುತ್ತಿದ್ದರು. ಮೀನಿನ ಹಿಂದೆ ಅದರ ಮರಿಗಳು ಸಾಲಾಗಿ ಹೋಗುತ್ತಿದ್ದವು ಅಂತಲೂ ಹೇಳಿದರು. ಮರಿಗಳನ್ನು ನಾನು ಕಂಡಿರಲಿಲ್ಲ, ಹೇಳಿಯೂ ಇರಲಿಲ್ಲ. ಆ ಕಡೆಯಿಂದ ಅವಳು ಏನೋ ಕೇಳಿದಳು. ಮಾವ ಫೋನನ್ನು ಕಿವಿಯಿಂದ ತೆಗೆದು, ಬಾಗಿಲಿಗೆ ಬಂದು, ಮರಿ ಎಷ್ಟಿದ್ದವು ಅಂತ ನನ್ನನ್ನೇ ಕೇಳಿದರು. ಬಹಳ ಇದ್ದವ್ರಿ, ಎಣಿಸಾಕ ಆಗಲಿಲ್ಲ ಅಂದೆ.